ಗೀಳು, ಮಾತ್ರೆ, ಮನೆಮಾತು

ಕಾದಂಬರಿಯ ಓದಿಗೂ ನಾವು 'ಗೀಳು' ಎನ್ನುತ್ತೇವೆ. ಗಂಟೆಗಟ್ಟಲೆ ಕೈ ತೊಳೆಯುವ ಮಗುವಿನ ಕಾಯಿಲೆಗೂ ಅದೇ ಪದ. ಮರಾಠಿಯ 'ವೇಡ'ಕ್ಕೂ ಇಂಥದೇ ಎರಡು ಮುಖ. ಗೀಳಿಗೆ ಮಾತ್ರೆಯೇಕೆ, ಗದರಿಸಿದರೆ ಸಾಲದೇ ಎಂದು ಹೆತ್ತವರು ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಮಡಿಯ ಮನೆಗಳಲ್ಲಂತೂ ಅದು ಆಚಾರವೆಂದೇ ತೋರೀತು.

ಗದರಿದರೆ ಆತಂಕ ಹೆಚ್ಚುತ್ತದೆ. ಭಯವನ್ನು ಹಂತಹಂತವಾಗಿ ಎದುರಿಸುತ್ತ, ತೊಳೆಯದೆಯೂ ತಾಳಿಕೊಳ್ಳಲು ಕಲಿಸುವ ವರ್ತನಾ ಚಿಕಿತ್ಸೆ ಮಕ್ಕಳಿಗೆ ಮೊದಲ ದಾರಿ. ರೋಗ ತೀವ್ರವಾದಾಗ ಸರ್ಟ್ರಾಲಿನ್, ಫ್ಲುಆಕ್ಸೆಟಿನ್‌ನಂಥ ಔಷಧ ಜೊತೆಗೂಡುತ್ತದೆ. ಫಲ ಕಾಣಲು ವಾರಗಳೇ ಬೇಕು. ಆರಂಭದಲ್ಲಿ ಮಗುವಿನ ಮನಃಸ್ಥಿತಿಯ ಮೇಲೆ ವಿಶೇಷ ನಿಗಾ ಇರಬೇಕು.

ಭಾಷೆಯ ವಿದ್ಯಾರ್ಥಿಗಳಾದ ನಾವು ಗಮನಿಸಬೇಕಾದುದು ಬೇರೊಂದಿದೆ. ಮಾತ್ರೆ ನುಂಗಲು ಭಾಷೆ ಬೇಡ, ಆ ವರ್ತನಾ ಚಿಕಿತ್ಸೆಗೆ ಬೇಕೇಬೇಕು. ಕಾಸರಗೋಡಿನ ಮಗು ಕನ್ನಡದಲ್ಲೋ ತುಳುವಿನಲ್ಲೋ ಅನುಭವಿಸಿದ ಹೆದರಿಕೆಯನ್ನು ಮಲಯಾಳದಲ್ಲಿ ತಡವರಿಸಿ ಹೇಳಿದರೆ ಚಿಕಿತ್ಸಕರಿಗೆ ತಲುಪುವುದೆಷ್ಟು? ಕೊನೆಗೆ ಕೈಯಲ್ಲಿ ಉಳಿಯುವುದು ಔಷಧದ ಚೀಟಿ. ಆದ್ದರಿಂದಲೇ ನಮ್ಮವರು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗುವುದು ಸರಿಯೆನಿಸುತ್ತದೆ. (2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ನೆನಪಿದೆಯಲ್ಲ!) ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಮಗು ತನ್ನ ಮಾತಿನಲ್ಲಿ ಎಲ್ಲವನ್ನೂ ಹೇಳಿಕೊಂಡ ಮೇಲೂ ವೈದ್ಯರು ಮಾತ್ರೆ ಬೇಕೆಂದರೆ ಕೊಡಲು ಹಿಂಜರಿಯಬೇಕಿಲ್ಲ.