ಮುಂಬಯಿಯ ಗಾಳಿ: ಸರಾಸರಿ ಅಂಕಿಯಲ್ಲಿ ಕಾಣದ ಸಂಗತಿಗಳು

ಮುಂಬಯಿ: ಕಟ್ಟಿಗೆ, ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸ್‌ನಂಥ ಇಂಧನಕ್ಕೆ ಬದಲಾಗಬೇಕೆಂದು ಮುಂಬಯಿ ಹೈಕೋರ್ಟ್ 2025ರ ಜನವರಿಯಲ್ಲಿ ಆದೇಶಿಸಿತು. ಬೆನ್ನಿಗೇ ತಂದೂರು ಇರುವ ಹೊಟೇಲ್‌ಗಳಿಗೂ ಪಾಲಿಕೆಯ ನೋಟಿಸು ಹೋಯಿತು. ಇದರ ಬಿಸಿ ತುಳು-ಕನ್ನಡಿಗ ಹೊಟೇಲಿಗರಿಗೂ ತಟ್ಟಿತು. ಕೈಯಿಂದ ಹಣ ಹಾಕಿ ಭಟ್ಟಿ ಬದಲಿಸುವವರಿಗೆ, ಇದರಿಂದ ಊರಿನ ಗಾಳಿ ಎಷ್ಟು ಸುಧಾರಿಸಿತು ಎಂದು ಕೇಳುವ ಹಕ್ಕಿದೆ. ಉತ್ತರ ಮಾಪನ ಕೇಂದ್ರಗಳಿಂದಲೇ ಬರಬೇಕು.

ಕೇಂದ್ರಗಳಿಗೆ ಈಗ ಬರವಿಲ್ಲ. ಕೊಲಾಬಾದಿಂದ ಬೊರಿವಲಿ, ಮುಲುಂಡ್‌ವರೆಗೆ ಇಪ್ಪತ್ತಕ್ಕೂ ಹೆಚ್ಚು ಸ್ವಯಂಚಾಲಿತ ಕೇಂದ್ರಗಳಿವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವು ಕೆಲವು, ಪಾಲಿಕೆಯವು ಕೆಲವು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ಸಫರ್' ಜಾಲ 2015ರಲ್ಲಿ ಮುಂಬಯಿಗೆ ಬಂತು. ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ ಜಾರಿಗೆ ಬಂದದ್ದೂ ಅದೇ ವರ್ಷ. ಸೊನ್ನೆಯಿಂದ 500ರವರೆಗಿನ ಈ ಅಳತೆಯಲ್ಲಿ ಎಂಟು ಮಾಲಿನ್ಯಕಾರಕಗಳಿಗೆ ಸ್ಥಾನವಿದ್ದು, ಅವುಗಳಲ್ಲಿ ಯಾವುದರ ಸ್ಥಿತಿ ಅತಿ ಕೆಟ್ಟದ್ದೋ ಅದೇ ಆ ಕೇಂದ್ರದ ಅಂಕಿಯಾಗುತ್ತದೆ.

ತೊಡಕಿರುವುದು ಸರಾಸರಿಯಲ್ಲಿ. ಪತ್ರಿಕೆಗಳಲ್ಲಿ ಬರುವ 'ಮುಂಬಯಿಯ ಅಂಕಿ' ಎಲ್ಲ ಕೇಂದ್ರಗಳ, ಅದೂ 24 ಗಂಟೆಗಳ ಸರಾಸರಿ. ಕರಾವಳಿಯಿಂದ ಬಂದವರಿಗೆ ಕಡಲಗಾಳಿಯ ಪಾಠ ಹೇಳಬೇಕಾಗಿಲ್ಲ. ಹಗಲು ಸಮುದ್ರದಿಂದ ಬೀಸುವ ಗಾಳಿ ಹೊಗೆ-ಧೂಳನ್ನು ಚದುರಿಸುತ್ತದೆ. ಚಳಿಗಾಲದ ರಾತ್ರಿ ಅದು ಸ್ತಬ್ಧವಾದಾಗ ಎಲ್ಲವೂ ನೆಲಮಟ್ಟದಲ್ಲೇ ನಿಂತು ಬೆಳಗಿನ ಹೊತ್ತಿಗೆ ದಟ್ಟವಾಗುತ್ತದೆ. 2022-23ರ ಚಳಿಗಾಲದಲ್ಲಿ ಕೆಲವು ದಿನ ಮುಂಬಯಿಯ ಅಂಕಿ ದೆಹಲಿಯನ್ನೂ ಮೀರಿತ್ತು. ಮಳೆಗಾಲದ ನಾಲ್ಕು ತಿಂಗಳು ಗಾಳಿ ತೊಳೆದಂತಾಗುವುದರಿಂದ ವಾರ್ಷಿಕ ಸರಾಸರಿಯಲ್ಲಿ ಆ ಚಳಿಗಾಲ ಕರಗಿಹೋಗುತ್ತದೆ. ಮುಂಜಾನೆ ವಾಯುವಿಹಾರಕ್ಕೆ ಹೋಗುವ ಹಿರಿಯರ ಶ್ವಾಸಕೋಶಕ್ಕೆ ಮಾತ್ರ ಈ ಸರಾಸರಿಯ ರಿಯಾಯಿತಿ ಇಲ್ಲ.

ಶ್ರೇಣಿಗಳ ಹೆಸರೂ ದಾರಿ ತಪ್ಪಿಸಬಹುದು. ಸೂಚ್ಯಂಕ 100ರವರೆಗೆ 'ಸಮಾಧಾನಕರ'. ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ಲೆಕ್ಕದಲ್ಲಿ ಈ 100 ಎಂದರೆ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು ದಿನಕ್ಕೆ ಸೂಚಿಸಿದ ಮಿತಿ 15. ನಾಲ್ಕು ಪಟ್ಟು ಹೆಚ್ಚಿದ್ದರೂ ಸಮಾಧಾನ!

ಇದಕ್ಕಿಂತ ಗಂಭೀರವಾದದ್ದು ಸೂಚ್ಯಂಕದಲ್ಲಿ ಇಲ್ಲದ ಅನಿಲಗಳ ಪ್ರಶ್ನೆ. ಚೆಂಬೂರಿನ ಮಾಹುಲ್ ಇದಕ್ಕೆ ಸಾಕ್ಷಿ. ತೈಲ ಶುದ್ಧೀಕರಣಾಗಾರಗಳ ಮಗ್ಗುಲಲ್ಲಿ ಪುನರ್ವಸತಿ ಪಡೆದ ಕುಟುಂಬಗಳು ಕೆಮ್ಮು, ಚರ್ಮರೋಗವೆಂದು ವರ್ಷಗಟ್ಟಲೆ ಗೋಳಿಟ್ಟವು. ಅವರಿಗೆ ಬೇರೆ ಮನೆ, ಇಲ್ಲವೇ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡುವಂತೆ 2019ರಲ್ಲಿ ಹೈಕೋರ್ಟ್ ಹೇಳಬೇಕಾಯಿತು. ಅಲ್ಲಿನ ಮುಖ್ಯ ದೂರು ಬೆನ್ಜೀನ್‌ನಂಥ, ಬೇಗ ಆವಿಯಾಗುವ ರಾಸಾಯನಿಕಗಳದ್ದು. ಸೂಚ್ಯಂಕದ ಎಂಟರ ಪಟ್ಟಿಯಲ್ಲಿ ಅವುಗಳಿಗೆ ಜಾಗವಿಲ್ಲ. ಹಾಗಾಗಿ ಅಂಕಿ ಹಸಿರು ತೋರಿಸುತ್ತಿದ್ದರೂ ಮೂಗು ಹೇಳುವುದು ಸುಳ್ಳಾಗಬೇಕಿಲ್ಲ.

ತಂದೂರಿನ ವಿಚಾರದಲ್ಲೂ ಇಂಥದೇ ಒಂದು ಕೊರತೆ ಇದೆ. ಹೊರಾಂಗಣ ಕೇಂದ್ರಗಳು ಅಡುಗೆಮನೆಯೊಳಗಿನ ಗಾಳಿಯನ್ನು ಅಳೆಯುವುದಿಲ್ಲ. ಕಲ್ಲಿದ್ದಲು ಹೋದರೆ ಮೊದಲ ಲಾಭ ಭಟ್ಟಿಯ ಎದುರು ಹತ್ತು ಗಂಟೆ ನಿಲ್ಲುವ ಕಾರ್ಮಿಕನಿಗೆ. ಅದು ಯಾವ ಫಲಕದಲ್ಲೂ ಕಾಣದು. ಬೀದಿಯ ಅಂಕಿಯಲ್ಲಿ ವ್ಯತ್ಯಾಸವೇ ಇಲ್ಲವೆಂದು ಹೊಟೇಲಿಗರು ನಾಳೆ ವಾದಿಸಿದರೆ ಅದು ಅರ್ಧ ಸತ್ಯ. ಕಟ್ಟಡ ಕಾಮಗಾರಿಯ ಧೂಳಿಗೆ ಪಾಲಿಕೆ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ ನಿಯಮಗಳು ಅಷ್ಟೇ ಬಿಗಿಯಾಗಿ ಜಾರಿಯಾಗಲಿ ಎಂದು ಅವರು ಕೇಳಿದರೆ ಅದು ನ್ಯಾಯವೇ.

ಕನ್ನಡ ಸಂಘಗಳ ಕ್ರೀಡಾಕೂಟಗಳು ನಡೆಯುವುದು ಹೆಚ್ಚಾಗಿ ಡಿಸೆಂಬರ್-ಜನವರಿಯಲ್ಲಿ, ಮುಂಜಾನೆಯೇ. ಕೇಂದ್ರ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಹತ್ತಿರದ ಕೇಂದ್ರದ ಗಂಟೆವಾರು ಅಂಕಿ ಉಚಿತವಾಗಿ ಸಿಗುತ್ತದೆ. ಅದನ್ನು ನೋಡಿ ಮಕ್ಕಳ ಓಟವನ್ನು ಕಡಲಗಾಳಿ ಏಳುವ ಹೊತ್ತಿಗೆ, ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳಲು ಕಾರ್ಯಕಾರಿ ಸಮಿತಿಯ ಒಂದು ಠರಾವು ಸಾಕು.