ಅಮೃತಮತಿಯ ಪಾಲಿನ ತಪ್ಪೆಷ್ಟು?



ಕಥೆ ಓದಿ ಮುಗಿಸಿದ ಮೇಲೆ ನಾವು ಹೆಂಗಸರು ಸುಮ್ಮನಿರುವವರಲ್ಲ. "ಅವಳು ಹಾಗೆ ಮಾಡಬಾರದಿತ್ತು", "ಎಲ್ಲಾ ಅವನದೇ ತಪ್ಪು" ಅಂತ ಒಂದು ತೀರ್ಪು ಕೊಟ್ಟೇ ಪುಸ್ತಕ ಕೆಳಗಿಡುತ್ತೇವೆ. ಹೆಚ್ಚಿನ ಕಥೆಗಳಲ್ಲಿ ಅದು ಸುಲಭ. ಆದರೆ ಎಂಟು ನೂರು ವರ್ಷ ಕಳೆದರೂ ತೀರ್ಪಿಗೆ ಸಿಕ್ಕದ ಒಬ್ಬಳು ರಾಣಿ ನಮ್ಮ ಕನ್ನಡದಲ್ಲೇ ಇದ್ದಾಳೆ. ಅವಳೇ ಜನ್ನ ಕವಿಯ 'ಯಶೋಧರ ಚರಿತೆ'ಯ ಅಮೃತಮತಿ.

ಜನ್ನ ಹೊಯ್ಸಳ ದೊರೆ ವೀರಬಲ್ಲಾಳನ ಆಸ್ಥಾನದ ಕವಿ. ಈ ಕಾವ್ಯ ಬರೆದದ್ದು 1209ರಲ್ಲಿ. ಹಳಗನ್ನಡ ಎಂದು ಹೆದರಬೇಡಿ. ನಾಲ್ಕೇ ಅವತಾರಗಳ ಚಿಕ್ಕ ಕಾವ್ಯ, ಪಕ್ಕದಲ್ಲೇ ಹೊಸಗನ್ನಡದ ಅರ್ಥ ಕೊಟ್ಟಿರುವ ಪುಸ್ತಕಗಳೂ ಇವೆ. ಹೈಸ್ಕೂಲಿಗೆ ಓದು ನಿಲ್ಲಿಸಿದ ನನಗೇ ಅರ್ಥವಾಯಿತು ಅಂದಮೇಲೆ ನಿಮಗೇನು ಕಷ್ಟ?

ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಉಜ್ಜಯಿನಿಯ ರಾಜ ಯಶೋಧರ, ಅವನ ರಾಣಿ ಅಮೃತಮತಿ. ಇಬ್ಬರದೂ ಅನ್ಯೋನ್ಯ ದಾಂಪತ್ಯ. ಒಂದು ರಾತ್ರಿ ಆನೆ ಲಾಯದ ಕಡೆಯಿಂದ ಹಾಡು ಕೇಳಿಬರುತ್ತದೆ. ರಾಣಿ ಆ ದನಿಗೆ ಸೋತುಹೋಗುತ್ತಾಳೆ. ಹಾಡಿದವನು ಯಾರೆಂದು ನೋಡಿಬರಲು ಸಖಿಯನ್ನು ಕಳಿಸಿದರೆ ಅವಳು ಮುಖ ಸಿಂಡರಿಸಿಕೊಂಡು ಬರುತ್ತಾಳೆ. ಅವನೊಬ್ಬ ಮಾವುತ. ಹೆಸರೇ ಅಷ್ಟಾವಂಕ, ಮೈಯೆಲ್ಲಾ ಸೊಟ್ಟ. ಆದರೂ ರಾಣಿಯ ಮನಸ್ಸು ಹಿಂದೆಗೆಯುವುದಿಲ್ಲ. ರಾತ್ರಿ ರಾತ್ರಿ ಎದ್ದು ಅವನಲ್ಲಿಗೆ ಹೋಗುತ್ತಾಳೆ.

ಸಂಶಯ ಬಂದ ರಾಜ ಒಂದು ದಿನ ಹಿಂಬಾಲಿಸುತ್ತಾನೆ. ಅಲ್ಲಿ ಕಂಡದ್ದೇನು? ತಡವಾಗಿ ಬಂದಳೆಂದು ಮಾವುತ ರಾಣಿಯನ್ನು ಹೊಡೆಯುತ್ತಿದ್ದಾನೆ, ಇವಳು ಅವನನ್ನೇ ಬೇಡಿಕೊಳ್ಳುತ್ತಿದ್ದಾಳೆ! ರಾಜ ಕತ್ತಿಗೆ ಕೈಹಾಕುತ್ತಾನೆ, ಮತ್ತೆ ತನ್ನನ್ನು ತಾನೇ ತಡೆದುಕೊಂಡು ಹಿಂದಿರುಗುತ್ತಾನೆ. ಮರುದಿನ ಸರಸದ ನೆಪದಲ್ಲಿ ಅವಳನ್ನು ಒಂದು ನೈದಿಲೆ ಹೂವಿನಿಂದ ಹೊಡೆಯುತ್ತಾನೆ. ಅಷ್ಟಕ್ಕೇ ಅವಳು ಮೂರ್ಛೆ ಬೀಳುತ್ತಾಳೆ. ರಾತ್ರಿ ಮಾವುತನ ಏಟು ತಿಂದವಳು ಹಗಲು ಗಂಡನ ಹೂವಿಗೆ ಬಿದ್ದಳು!

ರಾಜ ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆನ್ನುತ್ತಾನೆ. ತಾಯಿ ಚಂದ್ರಮತಿ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ಹಟ ಹಿಡಿಯುತ್ತಾಳೆ. ಮಗ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನಲ್ಲಿ ಹುಂಜ ಮಾಡಿ ಕಡಿಯುವುದೆಂದು ರಾಜಿ ಆಗುತ್ತದೆ. ಕಡಿದರೆ, ಹಿಟ್ಟಿನ ಹುಂಜ ಕೂಗಿಬಿಡುತ್ತದೆ! ಎದೆ ನಡುಗಿದ ರಾಜ ಮಗನಿಗೆ ಪಟ್ಟ ಕಟ್ಟಿ ಕಾಡಿಗೆ ಹೋಗಲು ಹೊರಡುತ್ತಾನೆ. ಆಗಲೇ ಅಮೃತಮತಿ ಗಂಡನಿಗೂ ಅತ್ತೆಗೂ ಊಟದಲ್ಲಿ ವಿಷವಿಕ್ಕುತ್ತಾಳೆ.

ನಮ್ಮ ಮಹಿಳಾ ಸಮಾಜದಲ್ಲಿ ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಈ ಕಥೆ ಹೇಳಿದೆ. ಹಿರಿಯರೊಬ್ಬರು, "ಅನ್ನ ಇಕ್ಕೋ ಕೈಲಿ ವಿಷ ಇಕ್ಕಿದವಳ ಹೆಸರೂ ಎತ್ತಬೇಡ" ಅಂದುಬಿಟ್ಟರು. ಹೊಸದಾಗಿ ಮದುವೆಯಾದ ಹುಡುಗಿ, "ರೂಪ, ಜಾತಿ, ಅಂತಸ್ತು ಏನೂ ನೋಡದೆ ಹಾಡಿಗೆ ಮನಸ್ಸು ಕೊಟ್ಟಳಲ್ಲ, ಅವಳೇ ಗಟ್ಟಿಗಿತ್ತಿ" ಅಂದಳು. ಮೂರನೆಯವರು ಮೆಲ್ಲಗೆ, "ಪಾಪ, ವಿಧಿ ಆಡಿಸಿತು" ಎಂದರು. ನೋಡಿದಿರಾ, ಒಂದೇ ಚೀಲದ ಅವರೆಕಾಯಿ ಮುಗಿಯುವುದರೊಳಗೆ ಅವಳು ಖಳನಾಯಕಿ, ನಾಯಕಿ, ಬಲಿಪಶು ಮೂರೂ ಆಗಿಬಿಟ್ಟಳು!

ನನಗೆ ಮೂರೂ ಪೂರ್ತಿ ಒಪ್ಪಿಗೆಯಿಲ್ಲ. ಯಶೋಧರ ಕುಡುಕನೋ ಕ್ರೂರಿಯೋ ಆಗಿದ್ದರೆ "ಇನ್ನೇನು ಮಾಡ್ತಾಳೆ ಪಾಪ" ಎಂದು ನಾವೆಲ್ಲ ಅವಳ ಪರ ನಿಲ್ಲುತ್ತಿದ್ದೆವು. ಜನ್ನ ಆ ಅನುಕೂಲ ಮಾಡಿಕೊಟ್ಟಿಲ್ಲ. ಇಲ್ಲಿ ಗಂಡ ಒಳ್ಳೆಯವನು, ಹೊಡೆಯುವವನು ಪ್ರಿಯಕರ. ಹಾಗಾಗಿ ಅವಳನ್ನು ಬರೀ ಬಲಿಪಶು ಎನ್ನಲಾಗದು. ಏಟು ತಿಂದೂ ಅಲ್ಲಿಗೇ ಹೋದಳು, ಯಾರೂ ಎಳೆದುಕೊಂಡು ಹೋಗಲಿಲ್ಲ. ಆದರೂ ಮನಸ್ಸು ಜಾರಿದ್ದಕ್ಕೂ ವಿಷ ಬೆರೆಸಿದ್ದಕ್ಕೂ ಒಂದೇ ತಕ್ಕಡಿ ಹಿಡಿಯಬಾರದು. ಹಾಡಿಗೆ ಸೋತದ್ದು ಅವಳ ಕೈಮೀರಿತ್ತು ಎನ್ನೋಣ. ವಿಷ ಕೈಮೀರಿದ್ದಲ್ಲ, ಕೈಯಾರೆ ಕಲಸಿದ್ದು. ಗಂಡ ಹೇಗೂ ರಾಜ್ಯ ಬಿಟ್ಟು ಹೊರಟಿದ್ದ. ಅತ್ತೆಗೋ ಸೊಸೆಯ ಗುಟ್ಟೇ ಗೊತ್ತಿರಲಿಲ್ಲ. ಅವಳು ಕೊಲೆಗಾರ್ತಿ ಆದದ್ದು ಅಡುಗೆಮನೆಯಲ್ಲಿ, ಆನೆ ಲಾಯದಲ್ಲಲ್ಲ.

ಇನ್ನು ರಾಜನನ್ನು ನೋಡಿ. ಎಲ್ಲಾ ಕಣ್ಣಾರೆ ಕಂಡ. ಹೂವಿನಿಂದ ಹೊಡೆದ, ಕುಟುಕಿದ, ತಾಯಿಗೆ ಕನಸಿನ ಕಥೆ ಕಟ್ಟಿದ. ಆದರೆ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು "ಯಾಕೆ ಹೀಗೆ ಮಾಡಿದೆ?" ಅಂತ ಒಂದು ಮಾತು ಕೇಳಲಿಲ್ಲ. ಗಂಡನಿಗೆ ಗೊತ್ತಾಗಿದೆ ಎಂದು ಹೆಂಡತಿಗೆ ಗೊತ್ತು, ಆದರೂ ಇಬ್ಬರ ಬಾಯಿಗೂ ಬೀಗ. ಆ ಮೌನದಲ್ಲೇ ವಿಷ ಕುದಿಯಿತು ಅಂತ ನನಗನ್ನಿಸುತ್ತದೆ.

ಇದು ಜೈನ ಕಾವ್ಯ. ಕಡಿದದ್ದು ಬರೀ ಹಿಟ್ಟಾದರೂ ಕೊಲ್ಲುವ ಸಂಕಲ್ಪ ಇತ್ತಲ್ಲ, ಅದೇ ಹಿಂಸೆ ಅನ್ನುವುದು ಕವಿಯ ನ್ಯಾಯ. ಆ ಪಾಪಕ್ಕೆ ತಾಯಿ ಮಗ ನವಿಲಾಗಿ, ನಾಯಾಗಿ, ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಬಲಿಗೆಂದು ಹಿಡಿದು ತಂದಾಗ ತಮ್ಮ ಕಥೆಯನ್ನೇ ಹೇಳಿ ರಾಜ ಮಾರಿದತ್ತನ ಕತ್ತಿಯನ್ನು ಕೆಳಗಿಳಿಸುತ್ತಾರೆ. ಎಂಥ ಸೊಗಸಾದ ಮುಕ್ತಾಯ!

ಅಮೃತಮತಿಗೆ ಸಿಕ್ಕಿದ್ದೇನು? ನರಕ. ಅಷ್ಟೇ. ಉಳಿದಿಬ್ಬರಿಗೆ ತಪ್ಪು ತಿದ್ದಿಕೊಳ್ಳಲು ಜನ್ಮದ ಮೇಲೆ ಜನ್ಮ ಕೊಟ್ಟ ಕಥೆ ಇವಳ ಪಶ್ಚಾತ್ತಾಪಕ್ಕೆ ಜಾಗ ಇಡಲಿಲ್ಲ. ಎರಡು ಕೊಲೆ ಮಾಡಿದವಳಿಗೆ ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಕಥೆಯನ್ನು ನಮಗೆ ಹೇಳುವವರು ಸತ್ತು ಮತ್ತೆ ಹುಟ್ಟಿಬಂದ ಗಂಡ, ಅತ್ತೆ. ಅವಳ ಬಾಯಿಂದ ಕೇಳಿದವರು ಯಾರು? ಅದಕ್ಕೇ ಇರಬೇಕು, ಗಿರೀಶ ಕಾರ್ನಾಡರು 1980ರಲ್ಲಿ ಇದೇ ಕಥೆಯನ್ನು ಹಿಡಿದು 'ಹಿಟ್ಟಿನ ಹುಂಜ' ನಾಟಕ ಬರೆದು ರಾಣಿಯ ಬಾಯಿಗೆ ಮಾತು ಕೊಟ್ಟರು.

ನಮ್ಮ ಬೀದಿಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ. ದಾರಿ ತಪ್ಪಿದ ಗಂಡಸು ಮನೆಗೆ ಮರಳಿದರೆ "ಬುದ್ಧಿ ಬಂತು ಬಿಡಿ" ಎನ್ನುತ್ತೇವೆ, ಎಲೆ ಹಾಕಿ ಬಡಿಸುತ್ತೇವೆ. ಹೆಂಗಸು ಒಂದು ಹೆಜ್ಜೆ ಜಾರಿದರೆ ಅವಳ ಮಗಳ ಮದುವೆ ಮಾತಿನವರೆಗೂ ಅದನ್ನು ಎಳೆಯುತ್ತೇವೆ. ಬಚ್ಚಿಡದೆ ಬೇರೆ ದಾರಿಯಿಲ್ಲ ಎಂದು ಅವಳಿಗೆ ಕಲಿಸಿದವರು ಯಾರು? ಒಂದು ಗುಟ್ಟು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಅಮೃತಮತಿಯನ್ನು ವಿಷದವರೆಗೆ ಒಯ್ದದ್ದೂ ಅದೇ ಅಲ್ಲವೇ?

ನನ್ನ ತೀರ್ಪು ಇಷ್ಟು: ಕೊಂದದ್ದು ಅವಳ ತಪ್ಪು, ಪೂರ್ತಿ ಅವಳದೇ. ಕೇಳದೇ ಉಳಿದ ಮಾತಿನ ತಪ್ಪು ಮಾತ್ರ ಅವಳೊಬ್ಬಳದಲ್ಲ. ನಿಮ್ಮ ಓಣಿಯಲ್ಲಿ ಯಾರ ಬಗ್ಗೆಯಾದರೂ ಪಿಸುಮಾತು ಎದ್ದಾಗ ಒಬ್ಬರಾದರೂ ಅವಳ ಮನೆಗೇ ಹೋಗಿ, "ಏನಾಯ್ತಮ್ಮ?" ಅಂತ ಕೇಳಿ ನೋಡಿ. ಉತ್ತರ ಏನು ಬಂತೆಂದು ಯಾರಿಗೂ ಹೇಳಬೇಡಿ, ನನಗೂ ಬರೆಯಬೇಡಿ.