ಉಪ್ಪುನೀರಿನ ನವೋದ್ಯಮಕ್ಕೆ ಗಿರಾಕಿ ಯಾರು?

ಕಡಲ ನೀರನ್ನು ಪುಕ್ಕಟೆ ಎನ್ನುವಷ್ಟು ಅಗ್ಗವಾಗಿ ಸಿಹಿಯಾಗಿಸುವ ಹೊಸ ಪೊರೆಯ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಹೂಡಿಕೆದಾರರಿಗೆ ಅದು ರುಚಿಸುತ್ತದೆ, ಭೌತಶಾಸ್ತ್ರಕ್ಕೆ ರುಚಿಸುವುದಿಲ್ಲ. ಎತ್ತಿದ ಕಡಲ ನೀರಿನಲ್ಲಿ ಅರ್ಧದಷ್ಟನ್ನು ಸಿಹಿ ಮಾಡಬೇಕೆಂದರೆ, ಪೊರೆ ಯಾವುದೇ ಇರಲಿ, ಸಾವಿರ ಲೀಟರಿಗೆ ಕನಿಷ್ಠ ಒಂದು ಯೂನಿಟ್ ವಿದ್ಯುತ್ ಬೇಕೇ ಬೇಕು. ಇಂದಿನ ಒಳ್ಳೆಯ ಆರ್‌ಒ (ರಿವರ್ಸ್ ಆಸ್ಮೋಸಿಸ್) ಸ್ಥಾವರಗಳು ಮೂರು–ನಾಲ್ಕು ಯೂನಿಟ್‌ಗೆ ಬಂದು ನಿಂತಿವೆ. ಈ ಅಂತರದ ಬಹುಪಾಲಿಗೆ ಪೊರೆ ಕಾರಣವಲ್ಲ; ಪೊರೆಯಿಂದ ಇನ್ನು ಹಿಂಡಿ ತೆಗೆಯುವ ಲಾಭ ಹೆಚ್ಚೇನೂ ಉಳಿದಿಲ್ಲ.

ಇಲ್ಲಿಯವರೆಗಿನ ದೊಡ್ಡ ಉಳಿತಾಯದ ಬಹುಪಾಲು ಬಂದದ್ದು ಪೊರೆಯ ಆಚೆಯಿಂದ. ಆರ್‌ಒದಲ್ಲಿ ಕಡಲ ನೀರನ್ನು ವಾತಾವರಣದ ಒತ್ತಡದ ಅರವತ್ತು ಪಟ್ಟು ಒತ್ತಡದಲ್ಲಿ ಪೊರೆಗೆ ತಳ್ಳುತ್ತಾರೆ. ಅರ್ಧಕ್ಕಿಂತ ಹೆಚ್ಚು ನೀರು ಗಾಢ ಉಪ್ಪುನೀರಾಗಿ, ಆ ಒತ್ತಡವನ್ನು ಬಹುಪಾಲು ಉಳಿಸಿಕೊಂಡೇ ಹೊರಬೀಳುತ್ತದೆ. ಪಂಪಿಗೆ ಸುರಿದ ವಿದ್ಯುತ್ತಿನ ದೊಡ್ಡ ಪಾಲು ಹೀಗೆ ಕಡಲಿಗೇ ಮರಳುತ್ತಿತ್ತು. 1992ರಲ್ಲಿ ಹುಟ್ಟಿದ ಎನರ್ಜಿ ರಿಕವರಿ ಎಂಬ ಕಂಪನಿ ನಾರ್ವೆಯ ಲೀಫ್ ಹೌಗೆ ಅವರ ಸಾಧನವೊಂದನ್ನು ಹಿಡಿದು ಹೊರಟಿತು. ಗಿರಗಿರನೆ ತಿರುಗುವ ಸೆರಾಮಿಕ್ ಉರುಳೆ, ಅದರೊಳಗೆ ಉದ್ದುದ್ದ ಕೊಳವೆಗಳು. ಹೊರಹೋಗುವ ಉಪ್ಪುನೀರು ಒಳಬರುವ ಕಡಲ ನೀರನ್ನು ನೇರವಾಗಿ ತಳ್ಳಿ ತನ್ನ ಒತ್ತಡವನ್ನು ಅದಕ್ಕೆ ದಾಟಿಸುತ್ತದೆ. ಜಗತ್ತಿನ ದೊಡ್ಡ ಸ್ಥಾವರಗಳಿಗೆ ಈಗ ಇಂಥ ಸಾಧನ ಅನಿವಾರ್ಯ. ಅದು ಅಲ್ಲಿಗೆ ತಲುಪಲು ವರ್ಷಗಟ್ಟಲೆ ಹಿಡಿಯಿತು. ಐದು ವರ್ಷದಲ್ಲಿ ದುಡ್ಡು ದುಪ್ಪಟ್ಟಾಗಬೇಕೆನ್ನುವ ಬಂಡವಾಳಕ್ಕೆ ಈ ಕ್ಷೇತ್ರ ಹೇಳಿಸಿದ್ದಲ್ಲ.

2020ರಲ್ಲಿ ಇಸ್ರೇಲಿನ ಸೊರೆಕ್ ಎರಡನೇ ಸ್ಥಾವರದ ಗುತ್ತಿಗೆ ಸಾವಿರ ಲೀಟರಿಗೆ 41 ಸೆಂಟ್, ಅಂದಿನ ಲೆಕ್ಕದಲ್ಲಿ ಸುಮಾರು 30 ರೂಪಾಯಿಗೆ ಕುದುರಿತು. ಕುಡಿಯುವ ನೀರಿಗೆ ಅದು ನ್ಯಾಯವಾದ ದರವೇ. ಆದರೆ ಜಗತ್ತಿನಲ್ಲಿ ನದಿ, ಕೆರೆ, ಅಂತರ್ಜಲದಿಂದ ಎತ್ತುವ ಸಿಹಿನೀರಿನ ಶೇ 70ರಷ್ಟು ಹೋಗುವುದು ಬೇಸಾಯಕ್ಕೆ. ಕಿಲೋ ಅಕ್ಕಿ ಬೆಳೆಯಲು ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ಅಷ್ಟನ್ನೂ ಈ ದರದಲ್ಲಿ ಕೊಂಡರೆ ನೀರಿನ ಬಿಲ್ಲೇ ಅಕ್ಕಿಯ ಬೆಲೆಯನ್ನು ಮೀರುತ್ತದೆ. ಜಾಗತಿಕ ಜಲಕ್ಷಾಮವನ್ನು ನೀಗಿಸುತ್ತೇವೆ ಎಂದು ನವೋದ್ಯಮಗಳು ಹೇಳುವಾಗ ಗದ್ದೆಯ ಮಾತು ಬರದಿರುವುದು ಇದಕ್ಕೇ.

ಎತ್ತರದ ಊರುಗಳ ಪಾಡೂ ಅಷ್ಟೇ. ಬೆಂಗಳೂರು ಕಡಲಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಸಾವಿರ ಲೀಟರ್ ನೀರನ್ನು ಅಲ್ಲಿಗೇರಿಸಲು, ಪಂಪಿನ ನಷ್ಟವೂ ಸೇರಿ, ಉಪ್ಪು ತೆಗೆಯಲು ತಗಲುವಷ್ಟೇ ವಿದ್ಯುತ್ ಮತ್ತೊಮ್ಮೆ ಬೇಕು.

ಇನ್ನು ಹೊರಹಾಕುವ ಉಪ್ಪುನೀರು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2019ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಜಗತ್ತಿನ ಇಂಥ ಸ್ಥಾವರಗಳು ದಿನಕ್ಕೆ 9.5 ಕೋಟಿ ಘನ ಮೀಟರ್ ಸಿಹಿನೀರಿನ ಜೊತೆಗೆ 14.2 ಕೋಟಿ ಘನ ಮೀಟರ್ ಉಪ್ಪುನೀರನ್ನೂ ಹೊರಬಿಡುತ್ತಿದ್ದವು. ಇಂಥ ನೀರನ್ನು ನಿಭಾಯಿಸುವ ಕೊಳಕು ಕೆಲಸದಲ್ಲೇ ದುಡಿಮೆ ಕಂಡವರಿದ್ದಾರೆ. ಎಂಐಟಿಯಲ್ಲಿ ಓದಿದ ಅನುರಾಗ್ ಬಾಜಪೇಯಿ ಮತ್ತು ಪ್ರಕಾಶ್ ಗೋವಿಂದನ್ 2013ರಲ್ಲಿ ಕಟ್ಟಿದ ಗ್ರೇಡಿಯಂಟ್, ಕಾರ್ಖಾನೆಗಳ ಗಡುಸು ತ್ಯಾಜ್ಯನೀರನ್ನು ಹಿಡಿದು ಹತ್ತು ವರ್ಷದಲ್ಲಿ ನೂರು ಕೋಟಿ ಡಾಲರ್ ಮೌಲ್ಯ ಮುಟ್ಟಿತು. ಅದರ ಗಿರಾಕಿ ಬಾಯಾರಿದ ಹಳ್ಳಿಯಲ್ಲ, ಬಿಲ್ ಕಟ್ಟಬಲ್ಲ ಕಾರ್ಖಾನೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಇದಕ್ಕೆ ನಮ್ಮದೇ ಸಾಕ್ಷಿ. ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ, ತೈಲ ಘಟಕಗಳನ್ನು ನಿಲ್ಲಿಸಬೇಕಾಗಿ ಬಂದ ಮೇಲೆ ಅದು ತಣ್ಣೀರುಬಾವಿಯಲ್ಲಿ ದಿನಕ್ಕೆ ಮೂರು ಕೋಟಿ ಲೀಟರ್ ಸಾಮರ್ಥ್ಯದ ಸ್ಥಾವರ ಕಟ್ಟಿಕೊಂಡಿತು. ಕಡಲಂಚಿನ ಪ್ರತಿ ದೊಡ್ಡ ಕೈಗಾರಿಕೆಯೂ ನದಿಯನ್ನು ಊರಿಗೆ ಬಿಟ್ಟು ಕಡಲ ನೀರನ್ನೇ ಬಳಸಬೇಕೆಂಬ ಷರತ್ತನ್ನು ಸರ್ಕಾರ ಪರವಾನಗಿಯಲ್ಲೇ ಬರೆಯಬೇಕು. ಸಬ್ಸಿಡಿಗಿಂತ, ಪ್ರಶಸ್ತಿಗಿಂತ, ಹೀಗೆ ಖಾತ್ರಿಯಾಗಿ ಸಿಗುವ ಗಿರಾಕಿಯೇ ನವೋದ್ಯಮಕ್ಕೆ ಹೆಚ್ಚು ಉಪಯೋಗ. ನೇತ್ರಾವತಿಯ ನೀರೂ ಮಂಗಳೂರಿನ ನಲ್ಲಿಗಳಿಗೆ ಉಳಿಯುತ್ತದೆ.